ಸ್ಟಾರ್ಟರ್ ಪೆಟ್ಟಿಗೆಗೊಂದು ನಕ್ಷೆ: ಯಾವ ಸಾಫ್ಟ್‌ವೇರ್ ನಮಗೆ ಸಾಕು?

ಈರುಳ್ಳಿ ಗಡ್ಡೆ ಕಟ್ಟುವ ಹೊತ್ತಿಗೆ ಸರಿಯಾಗಿ ನಮ್ಮ ಬೋರಿನ ಮೋಟರ್ ಸುಟ್ಟಿತು. ನಮ್ಮದು ಮಳೆ ನಂಬಿದ ಬೇಸಾಯ. ಇದ್ದ ಒಂದು ಬೋರಿನಲ್ಲಿ ಒಂದೂವರೆ ಎಕರೆ ಮಾತ್ರ ನೀರಾವರಿ. ಪೈಪು ಎತ್ತಿ, ಮೋಟರ್ ಕಟ್ಟಿಸಿ, ಮತ್ತೆ ಇಳಿಸುವ ಹೊತ್ತಿಗೆ ಹನ್ನೊಂದು ದಿನ ಹೋಯಿತು. ಗಡ್ಡೆ ಗೋಲಿ ಗಾತ್ರದಲ್ಲೇ ನಿಂತಿತು.

ಸುಟ್ಟಿದ್ದು ಹೇಗೆ ಅಂತ ಹೇಳಬೇಕು, ಯಾಕೆಂದರೆ ಈ ಲೇಖನ ಹುಟ್ಟಿದ್ದೇ ಅದರಿಂದ. ಒಂದು ದಿನ ಬೆಳಿಗ್ಗೆ ಸ್ಟಾರ್ಟ್ ಬಟನ್ ಒತ್ತಿದರೆ ಮೋಟರ್ ಹೊರಡಲಿಲ್ಲ. ಪೆಟ್ಟಿಗೆಗೆ ವೈರು ಎಳೆದುಕೊಟ್ಟಿದ್ದವನು ಊರು ಬಿಟ್ಟು ಎರಡು ವರ್ಷವಾಗಿತ್ತು. ಬೇರೊಬ್ಬ ಹುಡುಗನನ್ನು ಕರೆಸಿದೆ. ಬಾಗಿಲು ತೆಗೆದು ನೋಡಿದರೆ ಒಳಗಿನ ವೈರೆಲ್ಲ ಒಂದೇ ಬಣ್ಣ. ಯಾವುದು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಅವನಿಗೂ ತಿಳಿಯದು, ನನಗೂ ತಿಳಿಯದು. ಅರ್ಧ ಗಂಟೆ ತಡಕಾಡಿ, "ಈ ಎರಡನ್ನ ಸೇರಿಸಿದ್ರೆ ಓಡುತ್ತೆ ನೋಡಿ ಯಜಮಾನ್ರೇ" ಅಂದ. ಸೇರಿಸಿದ. ಓಡಿತು. ನಾನೂ ಖುಷಿಯಾಗಿ ದುಡ್ಡು ಕೊಟ್ಟು ಕಳಿಸಿದೆ.

ಅವನು ಸೇರಿಸಿದ್ದು ಸಿಂಗಲ್ ಫೇಸ್ ಪ್ರಿವೆಂಟರಿನ ಎರಡು ವೈರು. ಆ ದಿನ ಒಂದು ಫೇಸು ತೀರಾ ಸಣ್ಣದಾಗಿತ್ತು. ಪ್ರಿವೆಂಟರ್ ಕೆಟ್ಟಿರಲಿಲ್ಲ, ತನ್ನ ಕೆಲಸವನ್ನೇ ಮಾಡುತ್ತಿತ್ತು. ನಾವು ಅದರ ಕೈ ಕಟ್ಟಿದೆವು. ನಾಲ್ಕನೇ ದಿನ ಮೋಟರ್ ಓಡುತ್ತಿರುವಾಗಲೇ ಒಂದು ಫೇಸು ಹೋಯಿತು. ತಡೆಯುವವರು ಯಾರೂ ಇರಲಿಲ್ಲ. ಓವರ್‌ಲೋಡ್ ರಿಲೇಯನ್ನೂ ಯಾವಾಗಲೋ ಮೇಲಕ್ಕೆ ತಿರುಗಿಸಿಟ್ಟಿದ್ದೆವು. ಉಳಿದ ಎರಡು ಫೇಸಿನ ಮೇಲೆಯೇ ಎಳೆದೂ ಎಳೆದೂ ಮೋಟರ್ ಬೆಂದಿತು.

ಹುಡುಗನನ್ನು ಬೈಯುವುದು ಸುಲಭ. ಆದರೆ ಪೆಟ್ಟಿಗೆಯೊಳಗೆ ಏನಿದೆ ಅಂತ ಒಂದು ಹಾಳೆ ಬರೆದು ಅಂಟಿಸದೆ ಇದ್ದದ್ದು ನನ್ನ ತಪ್ಪು. ಹೊಲಕ್ಕೆ ಪಹಣಿ ಇಟ್ಟುಕೊಳ್ಳುತ್ತೇವೆ, ಸ್ಟಾರ್ಟರಿಗೆ ಯಾಕಿಲ್ಲ?

ನಕ್ಷೆಯಲ್ಲಿ ಇರಬೇಕಾದ್ದು ಏನು?

ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಎರಡು ದಾರಿ ಇವೆ. ಒಂದು ಮೋಟರಿಗೆ ಕರೆಂಟು ಹೋಗುವ ದೊಡ್ಡ ದಾರಿ. ಆರ್, ವೈ, ಬಿ ಮೂರು ಫೇಸು ಫ್ಯೂಸಿಗೆ ಬಂದು, ಕಾಂಟ್ಯಾಕ್ಟರ್ ದಾಟಿ, ಓವರ್‌ಲೋಡ್ ರಿಲೇ ದಾಟಿ ಬೋರಿಗೆ ಇಳಿಯುತ್ತವೆ. ಇದನ್ನು ದಪ್ಪ ವೈರು ನೋಡಿಯೇ ಹೇಳಬಹುದು.

ಇನ್ನೊಂದು ಸಣ್ಣ ದಾರಿ. ಇದು ಕಾಂಟ್ಯಾಕ್ಟರಿನ ಕಾಯಿಲಿಗೆ ಹೋಗುವ ಕರೆಂಟು. ಕಾಯಿಲಿಗೆ ಕರೆಂಟು ಬಂದರೆ ಕಾಂಟ್ಯಾಕ್ಟರ್ ಎಳೆದುಕೊಳ್ಳುತ್ತದೆ, ಮೋಟರ್ ಹೊರಡುತ್ತದೆ. ಕರೆಂಟು ತಪ್ಪಿದರೆ ಬಿಟ್ಟುಬಿಡುತ್ತದೆ. ಜಾಣತನವೆಲ್ಲ ಇರುವುದು ಈ ಸಣ್ಣ ದಾರಿಯಲ್ಲಿ. ಗೊಂದಲವೂ ಇಲ್ಲೇ.

ನೇರ ಸ್ಟಾರ್ಟರಿನಲ್ಲಿ, ಅಂದರೆ ಡಿಓಎಲ್ ಅನ್ನುತ್ತಾರಲ್ಲ ಅದರಲ್ಲಿ, ಈ ಸಣ್ಣ ದಾರಿ ಹೀಗಿರುತ್ತದೆ. ಒಂದು ಫೇಸಿನಿಂದ ಹೊರಟ ವೈರು ಓವರ್‌ಲೋಡಿನ 95-96 ದಾಟುತ್ತದೆ. ಆಮೇಲೆ ಪ್ರಿವೆಂಟರಿನ ಕಾಂಟ್ಯಾಕ್ಟ್, ಆಮೇಲೆ ಸ್ಟಾಪ್ ಬಟನ್, ಆಮೇಲೆ ಸ್ಟಾರ್ಟ್ ಬಟನ್, ಕೊನೆಗೆ ಕಾಯಿಲಿನ ಎ1. ಕಾಯಿಲಿನ ಎ2 ಇನ್ನೊಂದು ಫೇಸಿಗೆ ಸೇರುತ್ತದೆ. ಸ್ಟಾರ್ಟ್ ಬಟನ್ನಿನಿಂದ ಬೆರಳು ತೆಗೆದ ಮೇಲೂ ಮೋಟರ್ ಓಡುತ್ತಿರಬೇಕಲ್ಲ, ಅದಕ್ಕೆ ಬಟನ್ನಿನ ಎರಡು ತುದಿಗೂ ಕಾಂಟ್ಯಾಕ್ಟರಿನದೇ 13-14 ನಂಬರಿನ ಸಣ್ಣ ಕಾಂಟ್ಯಾಕ್ಟನ್ನು ಪಕ್ಕದಲ್ಲಿ ಕಟ್ಟಿರುತ್ತಾರೆ. ಹಿಡಿದುಕೊಳ್ಳುವ ಕೆಲಸ ಅದರದು.

ಓವರ್‌ಲೋಡ್, ಪ್ರಿವೆಂಟರ್, ಸ್ಟಾಪ್ ಈ ಮೂರೂ ಒಂದರ ಹಿಂದೆ ಒಂದು ಇರುತ್ತವೆ. ಒಂದೇ ಕಾಲುವೆಗೆ ಮೂರು ಕಡೆ ಗೇಟು ಇಟ್ಟ ಹಾಗೆ. ಯಾವ ಗೇಟು ಇಳಿಸಿದರೂ ನೀರು ನಿಲ್ಲಬೇಕು. ನಮ್ಮ ಮನೆಯಲ್ಲಿ ಆದದ್ದು ನಡುವಿನ ಗೇಟನ್ನು ಕಿತ್ತು ಹಾಕಿದ ಹಾಗೆ. ಇನ್ನೊಂದು ಮಾತು: ನಮ್ಮ ಕಾಯಿಲ್ ಆರ್ ಮತ್ತು ವೈ ನಡುವೆ ಇತ್ತು, ಹೋದದ್ದು ಬಿ ಫೇಸು. ಹಾಗಾಗಿ ಕಾಂಟ್ಯಾಕ್ಟರಿಗೆ ಸುದ್ದಿಯೇ ಗೊತ್ತಾಗಲಿಲ್ಲ, ಎಳೆದುಕೊಂಡೇ ಇತ್ತು. ನಕ್ಷೆ ಇದ್ದಿದ್ದರೆ ಇದೆಲ್ಲ ಒಂದೇ ನೋಟಕ್ಕೆ ಕಾಣುತ್ತಿತ್ತು.

ನಂಬರುಗಳು ಸುಮ್ಮನೆ ಅಲ್ಲ. ಈಗಿನ ಕಾಂಟ್ಯಾಕ್ಟರಿನ ಮೇಲೆ ದೊಡ್ಡ ದಾರಿಗೆ 1-2, 3-4, 5-6 ಅಂತಲೂ, ಕಾಯಿಲಿಗೆ ಎ1-ಎ2 ಅಂತಲೂ ಅಚ್ಚು ಹಾಕಿರುತ್ತಾರೆ. ಓವರ್‌ಲೋಡಿನಲ್ಲಿ 95-96 ಸದಾ ಸೇರಿಕೊಂಡಿದ್ದು ಟ್ರಿಪ್ ಆದಾಗ ಬಿಟ್ಟುಕೊಳ್ಳುತ್ತದೆ, 97-98 ಅದರ ಉಲ್ಟಾ. ನಕ್ಷೆಯಲ್ಲಿ ಚಿತ್ರ ಸ್ವಲ್ಪ ಸೊಟ್ಟಗಿದ್ದರೂ ನಡೆಯುತ್ತದೆ, ನಂಬರು ತಪ್ಪಬಾರದು. ಹಳೇ ಪೆಟ್ಟಿಗೆಗಳಲ್ಲಿ ಬೇರೆ ನಂಬರು ಇರಬಹುದು. ಅಲ್ಲಿ ಏನಿದೆಯೋ ಅದನ್ನೇ ಬರೆಯಬೇಕು.

ಮೊದಲು ಕಾಗದ, ಆಮೇಲೆ ಕಂಪ್ಯೂಟರ್

ಯಾವ ಸಾಫ್ಟ್‌ವೇರೂ ನಿಮ್ಮ ಪೆಟ್ಟಿಗೆಯೊಳಗೆ ಇಣುಕಿ ನೋಡುವುದಿಲ್ಲ. ವೈರು ಹಿಡಿದು ನೋಡಬೇಕಾದವರು ನಾವೇ. ತಿಳಿದ ಎಲೆಕ್ಟ್ರಿಷಿಯನ್ ಒಬ್ಬರನ್ನು ಅರ್ಧ ದಿನ ಕೂಲಿ ಕೊಟ್ಟು ಕೂರಿಸಿಕೊಳ್ಳಿ. ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ. ಜೇಬಿನಲ್ಲಿ ಯಾಕೆಂದರೆ, ಪೆಟ್ಟಿಗೆ ಮೇಲೆ ಇಟ್ಟರೆ ಯಾರಾದರೂ ಬಂದು ಹಾಕಿಬಿಟ್ಟಾರು. ಫ್ಯೂಸ್ ಕಿತ್ತ ಮೇಲೂ ಫ್ಯೂಸಿನ ಮೇಲ್ತುದಿಯಲ್ಲಿ ಕರೆಂಟು ಇರಬಹುದು, ಕಂಡೆನ್ಸರ್ ಇದ್ದರೆ ಅದರಲ್ಲೂ ಉಳಿದಿರುತ್ತದೆ. ಟೆಸ್ಟ್ ಮಾಡದೆ ಬೆರಳು ಇಡಬಾರದು. ಎರಡು ಫೇಸಿನ ನಡುವೆ ಇರುವುದು 415 ವೋಲ್ಟು, ಮನೆಯ 230 ಅಲ್ಲ.

ಒಂದೊಂದೇ ವೈರು ಹಿಡಿದು, ಎರಡು ತುದಿಗೂ ಒಂದೇ ನಂಬರಿನ ಚೀಟಿ ಅಂಟಿಸಿ, ಪುಸ್ತಕದಲ್ಲಿ ಬರೆದುಕೊಳ್ಳಿ. "ವೈರು 4: ಓವರ್‌ಲೋಡ್ 96ರಿಂದ ಪ್ರಿವೆಂಟರಿಗೆ" ಹೀಗೆ. ನಮ್ಮ ಪೆಟ್ಟಿಗೆಗೆ ಹದಿನೇಳು ವೈರು ಆಯಿತು. ಪೆನ್ಸಿಲಿನಲ್ಲಿ ಒಂದು ಕಚ್ಚಾ ಚಿತ್ರ ಬರೆದೆ. ನಿಜ ಹೇಳಬೇಕೆಂದರೆ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು.

ಹಾಗಾದರೆ ಕಂಪ್ಯೂಟರ್ ಯಾಕೆ? ನನ್ನ ಪೆನ್ಸಿಲ್ ಹಾಳೆ ಒಂದೇ ಮಳೆಗಾಲಕ್ಕೆ ಅಳಿಸಿತು. ಮೇಲಾಗಿ ಆಮೇಲೆ ಆಟೋ ಸ್ವಿಚ್ ಹಾಕಿಸಿದೆ, ಮೂರು ವೈರು ಬದಲಾಯಿತು. ಇಡೀ ಚಿತ್ರ ಮತ್ತೆ ಬರೆಯಬೇಕಾಯಿತು. ಕಂಪ್ಯೂಟರಿನಲ್ಲಿ ಇದ್ದರೆ ಬದಲಾದಷ್ಟನ್ನೇ ತಿದ್ದಿ ಮತ್ತೆ ಅಚ್ಚು ತೆಗೆಯಬಹುದು.

ಎಲ್ಲ ಸಾಫ್ಟ್‌ವೇರೂ ಒಂದೇ ಕೆಲಸದ್ದಲ್ಲ

ಮಗಳು ಡಿಪ್ಲೊಮಾ ಓದುತ್ತಾಳೆ. ರಜೆಗೆ ಬಂದಾಗ ಅವಳ ಲ್ಯಾಪ್‌ಟಾಪಿನ ಮುಂದೆ ಇಬ್ಬರೂ ಕೂತೆವು. ಸರ್ಕ್ಯೂಟ್ ಬರೆಯುವ ಸಾಫ್ಟ್‌ವೇರ್ ಅಂತ ಹುಡುಕಿದರೆ ಸಂತೆಯ ಹಾಗೆ ನೂರೆಂಟು. "ಅಪ್ಪಾ, ಮೊದಲು ನಮಗೆ ಬೇಕಾಗಿರೋದು ಏನು ಅಂತ ಹೇಳು" ಅಂದಳು ಅವಳು. ಅದೇ ಸರಿ. ಕುಂಟೆ ಬೇಕಾದವನು ಕೂರಿಗೆ ತಂದರೆ ಏನು ಬಂತು? ಕೂತು ನೋಡಿ ನಾಲ್ಕು ಬಗೆ ಮಾಡಿಕೊಂಡೆವು.

ಒಂದನೆಯದು, ಎಲೆಕ್ಟ್ರಾನಿಕ್ ಬೋರ್ಡು ತಯಾರಿಸುವವರದು. ಟಿ.ವಿ., ಮೊಬೈಲಿನ ಒಳಗಿರುವ ಹಸಿರು ಹಲಗೆ ಇದೆಯಲ್ಲ, ಅದಕ್ಕೆ. ಇದರಲ್ಲಿ ಕೀಕ್ಯಾಡ್ ಎಂಬುದು ಹೆಸರುವಾಸಿ. ಫ್ರಾನ್ಸಿನ ಜಾನ್-ಪಿಯೆರ್ ಶಾರಾ ಎಂಬವರು 1992ರಲ್ಲಿ ಶುರು ಮಾಡಿದ್ದು. ಪೂರ್ತಿ ಪುಕ್ಕಟೆ. ಒಳ್ಳೆಯ ಸಾಫ್ಟ್‌ವೇರೇ, ಆದರೆ ಸ್ಟಾರ್ಟರ್ ಪೆಟ್ಟಿಗೆಗೆ ತಕ್ಕುದಲ್ಲ. ಅದರ ಚಿಹ್ನೆಗಳು ಹೆಚ್ಚಾಗಿ ಸಣ್ಣ ಸಣ್ಣ ಎಲೆಕ್ಟ್ರಾನಿಕ್ ಬಿಡಿಭಾಗಗಳದು. ಪ್ರಿವೆಂಟರ್ ರಿಪೇರಿ ಮಾಡುವವರಿಗೆ ಅದು ಬೇಕು, ಪ್ರಿವೆಂಟರ್ ಕಟ್ಟುವ ನಮಗಲ್ಲ. ಫ್ರಿಟ್ಜಿಂಗ್ ಎಂಬುದು ಮಕ್ಕಳಿಗೆ, ಕಲಿಯುವವರಿಗೆ ಚೆನ್ನ. ಬಿಡಿಭಾಗಗಳು ಇದ್ದ ಹಾಗೇ ಬಣ್ಣದಲ್ಲಿ ಕಾಣುತ್ತವೆ. ಅದೂ ಬ್ಯಾಟರಿ ಬಲದ ಸಣ್ಣ ಸರ್ಕ್ಯೂಟಿಗೇ.

ಎರಡನೆಯದು, ಸರ್ಕ್ಯೂಟ್ ಬರೆದು ಕಂಪ್ಯೂಟರಿನಲ್ಲೇ ಓಡಿಸಿ ನೋಡುವಂಥದು. ಎಲ್‌ಟಿ-ಸ್ಪೈಸ್ ಈ ಜಾತಿಯದು, ಇದಕ್ಕೂ ದುಡ್ಡಿಲ್ಲ. ಎಷ್ಟು ವೋಲ್ಟು, ಎಷ್ಟು ಆಂಪಿಯರ್ ಅಂತ ಲೆಕ್ಕ ಹಾಕಿ ತೋರಿಸುತ್ತದೆ. ಎಂಜಿನಿಯರುಗಳ ಸಾಮಾನು.

ಮೂರನೆಯದು, ಪೆಟ್ಟಿಗೆ, ಪ್ಯಾನೆಲ್, ಮನೆಯ ವೈರಿಂಗ್ ನಕ್ಷೆಗೆಂದೇ ಮಾಡಿದ್ದು. ಆಟೋಕ್ಯಾಡ್ ಎಲೆಕ್ಟ್ರಿಕಲ್ ದೊಡ್ಡ ಕಾರ್ಖಾನೆಗಳಲ್ಲಿ ಇರುವಂಥದು, ವರ್ಷ ವರ್ಷವೂ ಬಾಡಿಗೆ ಕಟ್ಟಬೇಕು, ಒಂದು ಪೆಟ್ಟಿಗೆಗೆ ಅಷ್ಟು ಖರ್ಚು ಯಾರು ಮಾಡುತ್ತಾರೆ? ಇದೇ ಜಾತಿಯಲ್ಲಿ ಪುಕ್ಕಟೆ ಸಿಗುವುದು ಕ್ಯೂಎಲೆಕ್ಟ್ರೋಟೆಕ್. ಕಾಂಟ್ಯಾಕ್ಟರ್, ಕಾಯಿಲ್, ಓವರ್‌ಲೋಡ್, ಬಟನ್, ಮೂರು ಫೇಸಿನ ಮೋಟರ್ ಎಲ್ಲದರ ಚಿಹ್ನೆಯೂ ಸಿದ್ಧವಾಗಿ ಇವೆ. ಎಳೆದು ತಂದು ಇಟ್ಟು ಗೆರೆ ಹಾಕಿದರೆ ಆಯಿತು.

ನಾಲ್ಕನೆಯದು, ಯಾವ ಚಿತ್ರವನ್ನಾದರೂ ಬರೆಯುವಂಥದು. ಲಿಬ್ರೆ ಆಫೀಸ್ ಡ್ರಾ, ಇಂಕ್‌ಸ್ಕೇಪ್, ಡ್ರಾ.ಐಓ ಇವೆಲ್ಲ ಈ ಗುಂಪು. ಇವೂ ಪುಕ್ಕಟೆ. ಡ್ರಾ.ಐಓದಲ್ಲಿ ಎಲೆಕ್ಟ್ರಿಕಲ್ ಚಿಹ್ನೆಗಳ ಒಂದು ಗುಂಪೇ ಇದೆ. ಉಳಿದ ಎರಡರಲ್ಲಿ ಹೆಚ್ಚಿನ ಚಿಹ್ನೆ ನಾವೇ ಬರೆದುಕೊಳ್ಳಬೇಕು. ಲಿಬ್ರೆ ಆಫೀಸಿನಲ್ಲಿ ಕೈ ಪಳಗಿದವರು ನಿಮ್ಮ ಮನೆಯಲ್ಲಿ ಇದ್ದರೆ ಹೊಸದನ್ನು ಕಲಿಯುವ ಬದಲು ಅದರಲ್ಲೇ ಬರೆಯಿರಿ, ತಪ್ಪೇನಿಲ್ಲ.

ಆರಿಸುವಾಗ ಕೇಳಬೇಕಾದ ಐದು ಪ್ರಶ್ನೆ

1. ಚಿಹ್ನೆ ಯಾವ ದೇಶದ್ದು? ನಮ್ಮಲ್ಲಿ ಎಲೆಕ್ಟ್ರಿಷಿಯನ್ನರು ಓದಿ ಬಂದಿರುವುದು ಹೆಚ್ಚಾಗಿ ಐಇಸಿ ಪದ್ಧತಿ. ಅಮೆರಿಕದ ಪದ್ಧತಿ ಬೇರೆ. ಅಮೆರಿಕದ ನಕ್ಷೆಯಲ್ಲಿ ಬಿಟ್ಟುಕೊಂಡಿರುವ ಕಾಂಟ್ಯಾಕ್ಟ್ ಅಂದರೆ ಪಕ್ಕಪಕ್ಕ ನಿಂತ ಎರಡು ಗೆರೆ. ನಮ್ಮ ನಕ್ಷೆಯಲ್ಲಿ ಹಾಗೆ ಎರಡು ಗೆರೆ ಇದ್ದರೆ ಅದು ಕಂಡೆನ್ಸರ್! ಎರಡನ್ನೂ ಒಂದೇ ಹಾಳೆಯಲ್ಲಿ ಕಲೆಸಿದರೆ ನೋಡಿದವನು ಏನೆಂದುಕೊಳ್ಳಬೇಕು? ಸಾಫ್ಟ್‌ವೇರಿನಲ್ಲಿ ಎರಡೂ ಬಗೆ ಇದ್ದರೆ ಐಇಸಿ ಆರಿಸಿಕೊಂಡು ಕೊನೇವರೆಗೂ ಅದನ್ನೇ ಬಳಸಿ.

2. ಗೆರೆ ಅಂಟಿಕೊಳ್ಳುತ್ತದೆಯೇ? ಕಾಯಿಲಿನ ಚಿಹ್ನೆಯನ್ನು ಆಚೆ ಸರಿಸಿದರೆ ಅದಕ್ಕೆ ಸೇರಿದ ವೈರಿನ ಗೆರೆಯೂ ಜೊತೆಗೆ ಬರಬೇಕು. ಬಾರದಿದ್ದರೆ ಗೆರೆ ಗಾಳಿಯಲ್ಲಿ ನಿಲ್ಲುತ್ತದೆ, ಗೊತ್ತೇ ಆಗುವುದಿಲ್ಲ. ಬರೀ ಚಿತ್ರ ಬರೆಯುವ ಸಾಫ್ಟ್‌ವೇರಿನಲ್ಲಿ ಸಾಧಾರಣ ಗೆರೆ ಹಾಕಿದರೆ ಇದೇ ತೊಂದರೆ. ಅವುಗಳಲ್ಲಿ ಜೋಡಿಸುವ ಗೆರೆ ಅಂತ ಬೇರೆ ಇರುತ್ತದೆ, ಅದನ್ನೇ ಬಳಸಬೇಕು.

3. ಕನ್ನಡ ಬರುತ್ತದೆಯೇ? ನಕ್ಷೆ ನೋಡುವವನು ನಾನು, ನನ್ನ ತಮ್ಮ, ಊರಿನ ಎಲೆಕ್ಟ್ರಿಷಿಯನ್. "ಪ್ರಿವೆಂಟರ್: ಇದನ್ನು ನೇರ ಸೇರಿಸಬೇಡಿ" ಅಂತ ಕನ್ನಡದಲ್ಲೇ ಇರಬೇಕು. ಯೂನಿಕೋಡ್ ಅಕ್ಷರದಲ್ಲಿ ಟೈಪ್ ಮಾಡಿ. ಹಳೇ ನುಡಿ ಅಕ್ಷರದಲ್ಲಿ ಮಾಡಿದರೆ ಬೇರೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಕಲಸುಮೇಲೋಗರ ಆಗುತ್ತದೆ. ಕೀಕ್ಯಾಡಿನಲ್ಲಿ ಮೊದಲು ಅದರದೇ ಅಕ್ಷರ ಮಾತ್ರ ಇತ್ತು. 2023ರಲ್ಲಿ ಬಂದ ಏಳನೇ ಆವೃತ್ತಿಯಿಂದ ಕಂಪ್ಯೂಟರಿನಲ್ಲಿರುವ ಬೇರೆ ಅಕ್ಷರಗಳನ್ನೂ ಬಳಸಬಹುದು. ಯಾವುದಾದರೂ ಸರಿ, "ಸ್ಟಾರ್ಟರ್" ಅಂತ ಒಂದು ಪದ ಹೊಡೆದು, ಅಚ್ಚು ತೆಗೆದು ನೋಡಿ. ಒತ್ತಕ್ಷರ ಸರಿಯಾಗಿ ಕೂತರೆ ಮುಂದುವರಿಯಿರಿ. ಪರದೆ ಮೇಲೆ ಸರಿ ಇದ್ದದ್ದು ಕಾಗದದಲ್ಲಿ ಕೆಡುವುದೂ ಉಂಟು.

4. ನೆಟ್ ಇಲ್ಲದೆ ನಡೆಯುತ್ತದೆಯೇ? ನಮ್ಮ ಹೊಲದಲ್ಲಿ ಸಿಗ್ನಲ್ಲೇ ಇರುವುದಿಲ್ಲ. ಕಂಪ್ಯೂಟರಿಗೆ ಇಳಿಸಿಕೊಂಡು ಬಳಸುವಂಥದೇ ಒಳ್ಳೆಯದು. ಡ್ರಾ.ಐಓಗೂ ಇಳಿಸಿಕೊಳ್ಳುವ ಆವೃತ್ತಿ ಇದೆ.

5. ಇನ್ನು ಹತ್ತು ವರ್ಷ ಆದ ಮೇಲೂ ಫೈಲು ತೆರೆಯುತ್ತದೆಯೇ? ಇದು ದೊಡ್ಡ ಪ್ರಶ್ನೆ. ಈಗಲ್ ಎಂಬ ಸಾಫ್ಟ್‌ವೇರ್ 1988ರಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು. ಬೋರ್ಡು ಮಾಡುವವರು ಮೂವತ್ತು ವರ್ಷ ಅದನ್ನು ನೆಚ್ಚಿಕೊಂಡಿದ್ದರು. 2016ರಲ್ಲಿ ಆಟೋಡೆಸ್ಕ್ ಕಂಪೆನಿ ಅದನ್ನು ಕೊಂಡಿತು. 2023ರಲ್ಲಿ, 2026ರ ಜೂನ್ 7ಕ್ಕೆ ಇದು ಮುಗಿಯಿತು ಅಂತ ಪ್ರಕಟಣೆ ಕೊಟ್ಟಿತು. ಅದರಲ್ಲಿ ನಕ್ಷೆ ಮಾಡಿಟ್ಟವರೆಲ್ಲ ಬೇರೆ ದಾರಿ ನೋಡಬೇಕಾಯಿತು. ಬೋರು ಬತ್ತುವುದಕ್ಕೆ ಮೊದಲು ಸಾಫ್ಟ್‌ವೇರ್ ಬತ್ತಬಾರದು. ಯಾವುದರಲ್ಲೇ ಬರೆಯಿರಿ, ಜೊತೆಗೆ ಒಂದು ಪಿಡಿಎಫ್ ಪ್ರತಿ ಮಾಡಿಡಿ. ಪಿಡಿಎಫನ್ನು ಯಾವ ಮೊಬೈಲಿನಲ್ಲಾದರೂ ನೋಡಬಹುದು. ತಿದ್ದುವುದಕ್ಕೆ ಮೂಲ ಫೈಲು ಬೇಕೇ ಬೇಕು, ಎರಡನ್ನೂ ಇಟ್ಟುಕೊಳ್ಳಿ.

ನಾವು ಮಾಡಿದ್ದು

ಐದು ಪ್ರಶ್ನೆಯನ್ನೂ ಹಾಕಿ ನೋಡಿ ಕ್ಯೂಎಲೆಕ್ಟ್ರೋಟೆಕ್ ಹಿಡಿದೆವು. ಮೊದಲ ದಿನ ಚಿಹ್ನೆ ಹುಡುಕುವುದರಲ್ಲೇ ಹೋಯಿತು. ಸಾವಿರಾರು ಚಿಹ್ನೆ ಇವೆ, ನಮಗೆ ಬೇಕಾದದ್ದು ಹತ್ತು. ಎರಡನೇ ದಿನ ಮಧ್ಯಾಹ್ನಕ್ಕೆ ನಕ್ಷೆ ಸಿದ್ಧ. ಎಡಗಡೆ ದೊಡ್ಡ ದಾರಿ, ಬಲಗಡೆ ಸಣ್ಣ ದಾರಿ. ಪ್ರತಿ ಗೆರೆಗೂ ಚೀಟಿಯಲ್ಲಿದ್ದ ವೈರಿನ ನಂಬರು. ಹಾಳೆಯ ಕೆಳಗೆ ಒಂದು ಪಟ್ಟಿ ಇರುತ್ತದೆ, ಅದರಲ್ಲಿ ಮೋಟರಿನ ಎಚ್.ಪಿ., ಮೋಟರ್ ಫಲಕದಲ್ಲಿರುವ ಆಂಪಿಯರ್, ಓವರ್‌ಲೋಡ್ ಎಷ್ಟಕ್ಕೆ ಇಡಬೇಕು, ಫ್ಯೂಸಿನ ಅಳತೆ, ಬರೆದ ತಾರೀಖು ಹಾಕಿದೆವು. ತಾರೀಖು ಮರೆಯಬೇಡಿ. ಎರಡು ಹಾಳೆ ಸಿಕ್ಕಿದರೆ ಹೊಸದು ಯಾವುದು ಅಂತ ತಿಳಿಯಬೇಕಲ್ಲ.

ಒಂದು ಎಚ್ಚರಿಕೆ

ಮೊದಲ ಅಚ್ಚನ್ನು ಎಲೆಕ್ಟ್ರಿಷಿಯನ್ನರಿಗೆ ತೋರಿಸಿದೆ. ಅವರು ಬೆರಳಿಟ್ಟುಕೊಂಡು ಸಣ್ಣ ದಾರಿಯನ್ನು ಓದುತ್ತಾ ಹೋದವರು ಸ್ಟಾರ್ಟ್ ಬಟನ್ ಹತ್ತಿರ ನಿಂತರು. "ಇದೇನು ಹಿಂಗೆ ಬರ್ದಿದೀರಿ? ಕರೆಂಟು ಬಂದ ತಕ್ಷಣ ಮೋಟ್ರು ತಾನೇ ಓಡ್ತದೆ" ಅಂದರು. ನೋಡಿದರೆ ಪ್ರಿವೆಂಟರಿನ ಕಾಂಟ್ಯಾಕ್ಟನ್ನು ಸ್ಟಾರ್ಟ್ ಬಟನ್ನಿನ ಹಿಂದೆ ಸಾಲಾಗಿ ಕಟ್ಟುವ ಬದಲು ಪಕ್ಕಕ್ಕೆ ಕಟ್ಟಿ ಬರೆದಿದ್ದೆವು. ಮೂರೂ ಫೇಸು ಸರಿ ಬಂದ ಕೂಡಲೇ ಅದು ಸೇರಿಕೊಂಡು, ಯಾರೂ ಬಟನ್ ಒತ್ತದೆ ಮೋಟರ್ ಹೊರಡುತ್ತಿತ್ತು. ಯಾರಾದರೂ ಪೈಪಿಗೆ ಕೈ ಹಾಕಿ ಕೂತಿದ್ದರೆ? ಆಟೋ ಸ್ವಿಚ್ ಹಾಕಿದ್ದರೆ ಅದಕ್ಕೆ ಬೇರೆ ದಾರಿ, ಬೇರೆ ಸ್ವಿಚ್ ಇರುತ್ತದೆ. ಇದು ಬರೀ ತಪ್ಪು.

ಸಾಫ್ಟ್‌ವೇರ್ ತುಟಿ ಬಿಚ್ಚಲಿಲ್ಲ. ಅದಕ್ಕೆ ಗೆರೆ ಸೇರಿತೋ ಇಲ್ಲವೋ ಅಷ್ಟೇ ಗೊತ್ತು, ಮೋಟರ್ ಸುಡುತ್ತದೋ ಜನ ಸಾಯುತ್ತಾರೋ ಅದಕ್ಕೆ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಬರೆದ ನಕ್ಷೆ ನೇರ ಗೆರೆ, ಚೊಕ್ಕ ಅಕ್ಷರದಲ್ಲಿ ಇರುವುದರಿಂದ ತಪ್ಪಿದ್ದರೂ ಸರಿ ಇದ್ದ ಹಾಗೆ ಕಾಣುತ್ತದೆ. ಪೆನ್ಸಿಲ್ ನಕ್ಷೆಯನ್ನು ಜನ ಅನುಮಾನದಿಂದ ನೋಡುತ್ತಾರೆ, ಅಚ್ಚಿನ ನಕ್ಷೆಯನ್ನು ನಂಬಿಬಿಡುತ್ತಾರೆ. ಆದ್ದರಿಂದ ಗೋಡೆಗೆ ಅಂಟಿಸುವ ಮೊದಲು ತಿಳಿದವರ ಬೆರಳು ಪ್ರತಿ ಗೆರೆ ಮೇಲೂ ಒಮ್ಮೆ ಓಡಾಡಬೇಕು. ನೋಡಿದವರ ಸಹಿಯನ್ನೂ ಹಾಕಿಸಿಕೊಳ್ಳಿ.

ತಿದ್ದಿದ ಮೇಲೆ ಮೂರು ಪ್ರತಿ ತೆಗೆಸಿದೆ. ಒಂದಕ್ಕೆ ಪೇಟೆಯಲ್ಲಿ ಲ್ಯಾಮಿನೇಶನ್ ಮಾಡಿಸಿ ಪೆಟ್ಟಿಗೆಯ ಬಾಗಿಲ ಒಳಮೈಗೆ, ವೈರಿಗೆ ತಾಗದ ಹಾಗೆ ಅಂಟಿಸಿದೆ. ಇನ್ನೊಂದು ಪಹಣಿ ಇಡುವ ಪೆಟ್ಟಿಗೆಯಲ್ಲಿದೆ. ಮೂರನೆಯದು ಎಲೆಕ್ಟ್ರಿಷಿಯನ್ನರ ಹತ್ತಿರ. ಮೊಬೈಲಿನಲ್ಲಿ ಪಿಡಿಎಫ್ ಇದೆ.

ಕಳೆದ ತಿಂಗಳು ಮತ್ತೆ ಮೋಟರ್ ಹೊರಡಲಿಲ್ಲ. ಬಂದವನು ಹೊಸ ಹುಡುಗನೇ. ಬಾಗಿಲು ತೆಗೆದು, ನಕ್ಷೆ ನೋಡಿ, ಮೀಟರ್ ಇಟ್ಟು 95-96 ನೋಡಿದ, ಪ್ರಿವೆಂಟರ್ ನೋಡಿದ. "ಯಜಮಾನ್ರೇ, ಒಂದು ಫೇಸು ಇಲ್ಲ, ಕಂಬದ ಫ್ಯೂಸ್ ಹೋಗಿರ್ಬೇಕು, ಲೈನ್‌ಮನ್ನಿಗೆ ಹೇಳಿ" ಅಂದ. ಹತ್ತು ನಿಮಿಷದ ಕೆಲಸ. ಒಂದು ವೈರೂ ಬಿಚ್ಚಲಿಲ್ಲ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಬೇಸರ ಮಾಡಿಕೊಳ್ಳಬೇಕಿಲ್ಲ. ಪೆನ್ನಿನಲ್ಲಿ ಬರೆದು, ನಂಬರು ಹಾಕಿ, ಜೆರಾಕ್ಸ್ ಮಾಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತೂಗುಬಿಟ್ಟರೂ ನಡೆಯುತ್ತದೆ. ಆದರೆ ಈ ಬೇಸಿಗೆ ಮೋಟರ್ ಜೋರಾಗಿ ಓಡುವುದಕ್ಕೆ ಮೊದಲೇ ಅದೊಂದು ಹಾಳೆ ಪೆಟ್ಟಿಗೆಯಲ್ಲಿ ಇರಲಿ.